ಡಬ್ಬಿಯಡಿಯ ಹಾಡು

ಪಕ್ಕದವರು ಮನೆ ಕಟ್ಟಿಸುತ್ತಿದ್ದಾರೆ. ಬೆಳಿಗ್ಗೆ ಅವರ ಅಂಗಳದಿಂದ ಸಿಮೆಂಟಿನ ವಾಸನೆ ಮೂಗಿಗೆ ಬಡಿದದ್ದೇ, ಹಲ್ಲುಜ್ಜುತ್ತ ನಿಂತಿದ್ದ ನಾನು ಕುಮಟೆಯ ಗೂಡ್ಸ್ ಯಾರ್ಡಿಗೆ ಹೋಗಿಬಿಟ್ಟೆ. ನಿಮಗೂ ಹೀಗಾಗುತ್ತದೆಯೋ ಏನೋ. ನನಗಂತೂ ಮೂಗು ಹೋದಲ್ಲಿಗೆ ಮನಸ್ಸೂ ಹೋಗುತ್ತದೆ.

ನಮ್ಮ ಕಡೆ ರೈಲು ಬಂದ ಹೊಸದರಲ್ಲಿ ನಾನಲ್ಲಿ ಪಾಯಿಂಟ್ಸ್‌ಮನ್. ಗೂಡ್ಸ್ ಡಬ್ಬಿಗಳನ್ನು ಜೋಡಿಸುವುದು, ಬಿಡಿಸುವುದು, ಬಾವುಟ ತೋರಿಸಿ ಇಂಜಿನ್ನನ್ನು ಹಿಂದೆ ಮುಂದೆ ಮಾಡಿಸುವುದು ನನ್ನ ಕೆಲಸ. ಬೆಳಕೆ ಊರಿನ ನನ್ನ ನೆಂಟರೆಲ್ಲ ನಾನೇ ರೈಲು ಓಡಿಸುತ್ತೇನೆಂದು ನಂಬಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಯಾರ್ಡೆಂದರೆ ಸಂತೆಯೇ ಸರಿ. ಸಿಮೆಂಟು, ಅಕ್ಕಿ, ಗೊಬ್ಬರ, ಹಾರನ್ ನಿಲ್ಲಿಸದ ಲಾರಿಗಳು, ಕನ್ನಡ, ಕೊಂಕಣಿ, ಉರ್ದು ಮೂರನ್ನೂ ಸೇರಿಸಿ ಬೈದಾಡುವ ಹಮಾಲರು.

ಈ ಗದ್ದಲದ ನಡುವೆ ದಿನಾ ಬೆಳಿಗ್ಗೆ ಮಾದೇವಕ್ಕ ಬರುತ್ತಿದ್ದಳು. ಹಳಿಯಾಚೆ ಅವಳ ತರಕಾರಿ ಗದ್ದೆ, ಈಚೆ ಪೇಟೆ. ಸುತ್ತು ಬಳಸಿ ರೈಲ್ವೆ ಗೇಟಿಗೆ ಹೋಗುವವಳೇ ಅಲ್ಲ. ನಿಂತ ಡಬ್ಬಿಯಡಿಗೆ ಮೊದಲು ಹರಿವೆ ಸೊಪ್ಪಿನ ಬುಟ್ಟಿ ತಳ್ಳಿ, ಹಿಂದೆ ತಾನೂ ತೂರಿ ಬರುವಳು, ಸಸಿ ನೆಡುವಾಗ ಹೇಳುವ ನಟ್ಟಿಯ ಹಾಡು ಗುನುಗುತ್ತ.

"ಅಕ್ಕಾ, ಒಂದಿನ ಸಾಯ್ತೆ ನೀನು," ಅಂದರೆ, "ದಾರಿ ಮೊದ್ಲು ಬಂತಾ, ನಿನ್ನ ರೈಲು ಮೊದ್ಲು ಬಂತಾ ತಮಾ?" ಎನ್ನುವಳು.

ಒಂದು ದಿನ ಸಿಮೆಂಟಿನ ಡಬ್ಬಿಗಳನ್ನು ಸರಿಸಬೇಕಿತ್ತು. ಉದ್ದಕ್ಕೂ ನಡೆದು, ಬಗ್ಗಿ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹಸಿರು ಬಾವುಟ ಎತ್ತಿದೆ. ಇಂಜಿನ್ ಎಳೆಯಿತು. ಕೊಂಡಿಗಳು ಒಂದರ ಹಿಂದೊಂದು ಬಿಗಿಯುತ್ತ ಟಕಟಕ ಎಂದು ನನ್ನತ್ತ ಬಂದವು. ಆಗ ಆ ಹಾಡು ಕೇಳಿಸಿತು. ಡಬ್ಬಿಯಡಿಯಿಂದಲೇ! ಕೆಂಪು ಬಾವುಟ ಬೀಸಿ, ಗಂಟಲು ಹರಿಯುವಂತೆ ಕೂಗಿದೆ. ಗಾಡಿ ಜರ್ರನೆ ನಿಂತಿತು.

ಓಡಿಹೋಗಿ ಬಗ್ಗಿದೆ. ಅಡಿಯಲ್ಲಿ ಯಾರೂ ಇಲ್ಲ. ಆಚೆ ಬದಿಯಲ್ಲಿ ಎರಡು ಕಾಲು, ಒಂದು ಬುಟ್ಟಿ. ಅವಳೂ ಬಗ್ಗಿ ನನ್ನನ್ನು ನೋಡಿದಳು.

"ಎಂತ ಆತಾ ತಮಾ?"

"ನೀ ಅಡಿಗೆ ಇದ್ಯಲ್ಲಾ?"

"ನಾನಾ? ಇಲ್ಲೇ ನಿಂತ್ಕಂಡಿದ್ದೆ. ಗಾಡಿ ಹೋಗ್ಲಿ ಅಂತ."

"ಹಾಡು ಕೇಳ್ತಲ್ಲೆ!"

"ನಾ ಹಾಡ್ಲೇ ಇಲ್ಲ."

ಎಂದೂ ಗಾಡಿಗೆ ಕಾಯದ ಹೆಂಗಸು! ಯಾಕೆ ನಿಲ್ಲಿಸಿದೆಯೆಂದು ಸ್ಟೇಷನ್ ಮಾಸ್ತರರು ಕೇಳಿದಾಗ, "ಹಾಡು ಕೇಳ್ತು ಸರ್," ಎಂದೆ. ಅವರು ನನ್ನ ಮುಖವನ್ನೇ ನೋಡಿ, ಕಿವಿ ಪರೀಕ್ಷೆಗೆ ಕಳಿಸಿದರು. ಕಿವಿ ಕೈಕೊಟ್ಟರೆ ಕೆಲಸವೂ ಹೋದಂತೆಯೇ. ಹೆಂಡತಿ ಧಾರೇಶ್ವರನಿಗೆ ಹರಕೆ ಹೊತ್ತಳು. ಡಾಕ್ಟರು ಕಿವಿ ನೆಟ್ಟಗಿದೆ ಎಂದರು. ಕೆಲಸ ಉಳಿಯಿತು, ತಲೆ ಕೆಟ್ಟಿತು. ಕಿವಿ ನೆಟ್ಟಗಿದ್ದರೆ ನಾನು ಕೇಳಿದ್ದೇನು? ಅಷ್ಟು ಹಾರನ್‌ಗಳ ನಡುವೆ ಗುನುಗು ಯಾರಿಗಾದರೂ ಕೇಳಿಸುವುದುಂಟೆ? ಮರುದಿನದಿಂದ ಮಾದೇವಕ್ಕ ಗೇಟಿನ ದಾರಿ ಹಿಡಿದಳು. ಅದರಿಂದಂತೂ ಗೊಂದಲ ಇನ್ನೂ ಹೆಚ್ಚಾಯಿತು. ಕೇಳಲು ಮಾತ್ರ ಬಾಯಿ ಬರಲಿಲ್ಲ.

ನಿವೃತ್ತನಾದ ಮೇಲೂ ಅದು ತಲೆಯೊಳಗೆ ಸುತ್ತುತ್ತಲೇ ಇತ್ತು. ಇವತ್ತು ತಡೆಯಲಾರದೆ ಮಂಕಿ ಊರಿನ ಬಸ್ಸು ಹತ್ತಿದೆ. ಮಾದೇವಕ್ಕ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾಳೆ. ಹಲ್ಲು ಹೋಗಿದೆ, ನಗು ಹೋಗಿಲ್ಲ. ನೇರವಾಗಿ ಕೇಳಿಯೇಬಿಟ್ಟೆ.

"ಅಡಿಗೇ ಇದ್ದೆ," ಎಂದಳು. "ಡಬ್ಬಿ ಅಲ್ಲಾಡ್ದಾಗ ಹಿಂದೆ ಉರುಳ್ದೆ. ಇದ್ದೆ ಅಂದ್ರೆ ನಿನ್ನ ಕೆಲ್ಸಕ್ಕೆ ಎಂತ ಆಗ್ತೊ ಅಂತ ಹೆದ್ರಿ ಸುಳ್ಳು ಹೇಳ್ದೆ."

ಎದೆಯ ಮೇಲಿನ ಭಾರ ಇಳಿದಂತಾಯಿತು. "ಹಾಗಾದ್ರೆ ಹಾಡಿದ್ದೂ ಹೌದು?"

"ಇಲ್ಲ ಮಾರಾಯಾ! ಆವತ್ತು ಜ್ವರ ಬಂದು ಗಂಟ್ಲೇ ಕಟ್ಟಿತ್ತು. ಉಸ್ರೂ ಹೊರಡ್ಲಿಲ್ಲ."

ಆ ಹಾಡನ್ನು ಒಮ್ಮೆ ಹೇಳು ಎಂದೆ.

"ಮರ್ತೋತು ತಮಾ. ನಿಂಗೆ ನೆನ್ಪಿದ್ರೆ ನೀನೇ ಹೇಳು."

ಜನ್ಮದಲ್ಲಿ ಹಾಡಿದವನಲ್ಲ ನಾನು. ಆದರೂ ಬಾಯಿ ತೆರೆದರೆ ಮೊದಲಿಂದ ಕೊನೆಯವರೆಗೆ, ಒಂದು ಪದವೂ ತಪ್ಪದೆ ಬಂತು. ಒಳಗಿಂದ ಅವಳ ಮಗಳು ಓಡಿಬಂದು, "ಯಾರು ಆಯಿ, ನಿನ್ನ ಹಾಡು ಹಾಡಿದ್ದು?" ಎಂದು ಕೇಳಿದಳು.