ಅಪ್ಪಣೆಯ ಮೇರೆಗೆ

ಊರಲ್ಲಿ ಅವನನ್ನು ಕರೆಯುವುದು ಬೋರ್ಡಣ್ಣ ಎಂದು. ಮೂವತ್ತು ವರ್ಷದಿಂದ ತಗಡಿನ ಮೇಲೆ ಅಕ್ಷರ ಬರೆದು ಹೊಟ್ಟೆ ಹೊರೆದವನು. 'ದು' ಬರೆದರೆ ಅದರ ಕೊಂಬನ್ನು ನಾಯಿ ಬಾಲದ ಹಾಗೆ ಮೇಲಕ್ಕೆ ಸುರುಳಿ ಸುತ್ತುತ್ತಾನೆ. ಅದೇ ಅವನ ಗುರುತು. ಉಳಿದ ಪೇಂಟರುಗಳು ನಗುತ್ತಾರೆ. ನಗಲಿ, ಅವರ ಅಕ್ಷರ ನೋಡಿದರೆ ತಗಡಿಗೇ ನಾಚಿಕೆ ಎಂಬುದು ಇವನ ಅಂಬೋಣ.

ಆವತ್ತು ತನ್ನ ಡಕೋಟಾ ಕಾರಿನಲ್ಲಿ ಅಕ್ಕನನ್ನು ಮಹಾನಗರಕ್ಕೆ ಕರೆತಂದಿದ್ದ. ಅಕ್ಕನ ಎರಡೂ ಕಣ್ಣಿಗೆ ಪೊರೆ. ಆಸ್ಪತ್ರೆಯಲ್ಲಿ ಹನ್ನೊಂದಕ್ಕೆ ಹೆಸರು ಕೂಗುತ್ತಾರೆ. ತಪ್ಪಿದರೆ ಮತ್ತೆ ಮೂರು ತಿಂಗಳು. ಹತ್ತಕ್ಕೇ ಗೇಟು ಮುಟ್ಟಿದ್ದರು. ಮುಟ್ಟಿದ್ದಷ್ಟೇ ಬಂತು. ಒಳಗಿನ ಜಾಗವೆಲ್ಲ ಡಾಕ್ಟರುಗಳ ಕಾರಿಗೆ ಮೀಸಲು. ಅಕ್ಕನನ್ನು ಇಳಿಸಿ ಹೋಗೋಣವೆಂದರೆ ಅವಳಿಗೆ ಮೆಟ್ಟಿಲೇ ಕಾಣದು. ಕಾವಲಿನವನು ಸೀಟಿ ಊದಿ ಅಟ್ಟಿದ. ದನ ಅಟ್ಟುವವನೂ ಅಷ್ಟು ಒರಟಾಗಿ ಅಟ್ಟುವುದಿಲ್ಲ.

ಪಕ್ಕದ ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ಜಾಗ ಬೇಕಾದಷ್ಟಿತ್ತು. ಅಲ್ಲಿ ತಾಸಿಗೆ ಕೇಳಿದ ಬಾಡಿಗೆ ಇವನ ಒಂದು ಬೋರ್ಡಿನ ಕೂಲಿಯಷ್ಟು.

"ನಾನು ಬಾಡಿಗೆ ಕೇಳಿದ್ದು ಕಣಯ್ಯಾ, ಕಟ್ಟಡದ ಕ್ರಯ ಅಲ್ಲ."

"ಹಿಂದೆ ಗಾಡಿ ಕಾಯ್ತಿವೆ, ತೆಗೀರಿ," ಎಂದ ಚೀಟಿ ಹರಿಯುವವನು.

ಮೂರು ಸುತ್ತು ಹಾಕಿದರು. ಯಾವ ಬೀದಿಗೆ ಹೋದರೂ ಮನೆ ಮುಂದೆ ಮುರಿದ ಕುರ್ಚಿ, ಸಿಮೆಂಟು ತುಂಬಿದ ಡಬ್ಬ, ಇಲ್ಲವೇ ಒಂದು ತಗಡು. ಬೀದಿಯೇನು ಇವರಪ್ಪನ ಆಸ್ತಿಯೇ? ತೆರಿಗೆ ಕಟ್ಟುವವರು ಎಲ್ಲರೂ, ನಿಲ್ಲುವ ಹಕ್ಕು ಮಾತ್ರ ಗೇಟು ಇದ್ದವನಿಗೆ. ಬಡವ ಗುಡಿಸಲು ಹಾಕಿದರೆ ಒತ್ತುವರಿ. ಇವರು ಹೂಕುಂಡ ಇಟ್ಟರೆ ಅಲಂಕಾರ.

"ಏನೋ ಬರ್ದಿದಾರೆ ಅಲ್ಲಿ?" ಮಸುಕಾಗಿ ಕಂಡ ತಗಡಿನತ್ತ ತಿರುಗಿ ಅಕ್ಕ ಕೇಳಿದಳು.

"ನಿಲ್ಲಿಸಬಾರದು ಅಂತ."

"ಇಲ್ಲಿ?"

"ಅದೇ."

"ನಂಗೆ ಕಣ್ಣು ಕಾಣ್ದಿರೋದೇ ಒಳ್ಳೇದಾಯ್ತು ಬಿಡು."

ಹತ್ತೂಮುಕ್ಕಾಲಿಗೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಸರಿಯಾಗಿ ಒಂದು ಕಾರು ಹಿಡಿಸುವ ಜಾಗ ಸಿಕ್ಕಿತು. ಎದುರಿಗೇ ಬೋರ್ಡು: 'ಇಲ್ಲಿ ವಾಹನ ನಿಲ್ಲಿಸಬಾರದು. ಅಪ್ಪಣೆಯ ಮೇರೆಗೆ.' 'ದು'ವಿನ ಬಾಲ ಮೇಲಕ್ಕೆ ಸುರುಳಿ ಸುತ್ತಿತ್ತು.

ಆರು ವರ್ಷದ ಹಿಂದೆ, ನಗರಕ್ಕಿಂತ ಅಗ್ಗವೆಂದು ಹೆದ್ದಾರಿಯ ಪಕ್ಕದ ಇವನ ಅಂಗಡಿಗೆ ಬಂದು ಬರೆಸಿಕೊಂಡಿದ್ದ ಒಬ್ಬ ಡೊಳ್ಳುಹೊಟ್ಟೆಯವನು. ಯಾರ ಅಪ್ಪಣೆ ಅಂತ ಬರೀಲಿ ಎಂದು ಇವನು ಕೇಳಿದ್ದಕ್ಕೆ, "ಯಾರದೂ ಬೇಡ. ಅಪ್ಪಣೆ ಅಂದ್ರೆ ಸಾಕು, ಜನ ತಾವಾಗೇ ಬಾಲ ಮುದುರ್ಕೊಳ್ತಾರೆ" ಅಂದಿದ್ದ. ಇವನು ಕೂಲಿ ಎಣಿಸಿಕೊಂಡು ಬಾಯಿ ಮುಚ್ಚಿಕೊಂಡಿದ್ದ. ಕದ್ದ ಬೀದಿಗೆ ಬೀಗ ಮಾಡಿಕೊಟ್ಟವನು ತಾನೇ! ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕೆನಿಸಿತು. ಕಾರು ನುಗ್ಗಿಸಿದ.

ಬನಿಯನ್ನಿನಲ್ಲೇ ಓಡಿ ಬಂತು ಅದೇ ಡೊಳ್ಳುಹೊಟ್ಟೆ.

"ಏಯ್, ಓದಕ್ಕೆ ಬರಲ್ವೇನಯ್ಯಾ?"

"ಬರುತ್ತೆ ಸ್ವಾಮಿ. ಬರೆದವನೇ ನಾನು. ಅಪ್ಪಣೆ ಯಾರದು, ಕಾಗದ ತೋರ್ಸಿ."

ಹೊಟ್ಟೆಯವನು ಇವನ ಮುಖವನ್ನು ದಿಟ್ಟಿಸಿದ. ಗುರುತು ಹತ್ತಿತು, ಬಣ್ಣ ಇಳಿಯಿತು.

"ಗಾಳಿ ತೆಗೀತೀನಿ ನೋಡ್ತಿರು!"

"ತೆಗೀರಿ. ಪೊಲೀಸ್ರನ್ನೂ ಕರೀರಿ. ಯಾರದೂ ಬೇಡ ಅಂದಿದ್ರಲ್ಲ, ಅದನ್ನ ಅವರೆದುರಿಗೇ ಹೇಳಿ."

ಅಕ್ಕ ಬಾಗಿಲು ಹಿಡಿದು ಇಳಿಯುತ್ತ, "ಯಾರೋ ಅದು ಕಿರುಚ್ತಿರೋದು? ಅವನಿಗೇನು ಎರಡು ಕೊಂಬಿದ್ಯಾ?" ಎಂದಳು.

"ಒಂದೇ ಅಕ್ಕಾ. ಅದೂ ನಾನೇ ಬರ್ದು ಕೊಟ್ಟಿದ್ದು. ಬಾ."

ಹೆಸರು ಕೂಗುವ ಹೊತ್ತಿಗೆ ಅಕ್ಕ ಬೆಂಚಿನ ಮೇಲಿದ್ದಳು. ಮುಂದಿನ ವಾರವೇ ಆಪರೇಷನ್ ಎಂದು ಚೀಟಿಯಾಯಿತು. ಮಧ್ಯಾಹ್ನ ವಾಪಸು ಬಂದರೆ ನಾಲ್ಕೂ ಚಕ್ರಗಳಲ್ಲಿ ಗಾಳಿ ಹಾಗೇ ಇತ್ತು. ಪೌರುಷವೆಲ್ಲ ಬಾಯಲ್ಲೇ. ಗೇಟಿಗೆ ಚಿಲಕ, ಕಿಟಕಿಗೆ ಪರದೆ.

"ಅಲ್ಲೋ," ಅಕ್ಕ ಸೀಟಿನಲ್ಲಿ ಕೂತು ಕೇಳಿದಳು, "ಮೂವತ್ತು ವರ್ಷ ಬಾರದು ಬಾರದು ಅಂತ ಬರ್ದೆ. ಬಹುದು ಅಂತ ಒಂದಾದ್ರೂ ಬರ್ದಿದ್ದೀಯಾ?"

"ಯಾರೂ ಬರೆಸ್ಲಿಲ್ಲ."

"ಯಾರಾದ್ರೂ ಬರೆಸ್ಲೇಬೇಕಾ?"

ಬೋರ್ಡಣ್ಣ ಡಿಕ್ಕಿ ತೆಗೆದ. ಡಬ್ಬ, ಕುಂಚ ಅಲ್ಲೇ ಇರುತ್ತವೆ. ಬೋರ್ಡಿನಲ್ಲಿ 'ಬಾ'ದ ದೀರ್ಘದ ಮೇಲೆ ಬಿಳಿ ಬಳಿದ. 'ರ'ವನ್ನೂ ಅಳಿಸಿ, ಆ ಜಾಗದಲ್ಲಿ 'ಹು' ಬರೆದ. 'ಅಪ್ಪಣೆಯ ಮೇರೆಗೆ' ಎಂಬುದನ್ನು ಮುಟ್ಟಲಿಲ್ಲ, ಇರಲಿ ಎಂದು ಬಿಟ್ಟ. ಪರದೆ ಅಲುಗಾಡಿತು, ಚಿಲಕ ಅಲುಗಲಿಲ್ಲ.

"ಈಗೆಷ್ಟೋ ಕೊಂಬು?" ಅಕ್ಕ ಕೂಗಿ ಕೇಳಿದಳು.

"ಎರಡು," ಎಂದು ಅವನು ಕುಂಚ ಒರೆಸಿಕೊಂಡ.