ಕೊನೆಗೂ ಆಂಪ್ಲಿಫೈಯರ್ ಅಪ್‌ಗ್ರೇಡ್ ಮಾಡಿದೆ

ಕಳೆದ ತಿಂಗಳು ಒಂದು ಭಾನುವಾರ, ಕಣ್ಣಿಗೆ ಅಡುಗೆಮನೆಯ ಟವೆಲ್ ಕಟ್ಟಿಸಿಕೊಂಡು ನಮ್ಮದೇ ಹಾಲ್‌ನಲ್ಲಿ ಕೂತಿದ್ದೆ. ಕಟ್ಟಿದವಳು ನನ್ನ ಹೆಂಡತಿ ಸವಿತಾ. ಟವೆಲ್ ತುಂಬಾ ಒಗ್ಗರಣೆ ವಾಸನೆ.

ವಿಷಯ ಇಷ್ಟೇ. ನನ್ನ ಹಳೆಯ ಆಂಪ್ಲಿಫೈಯರ್ ಒಂದೆರಡು ವರ್ಷದಿಂದ ಮಂಕಾಗಿತ್ತು. ತಾಳ ಕೇಳಿಸದು, ಕೊಳಲಿನ ಉಸಿರು ಕೇಳಿಸದು, ಹಾಡುವವರೆಲ್ಲ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ...

ದಿನವಿಡೀ ದುಡಿದು ಬಂದವನಿಗೆ ಇದ್ದ ಒಂದೇ ಸುಖ ಅದು. ಅದೂ ಕೈಬಿಟ್ಟು ಹೋಗುತ್ತಿದೆ ಎಂದು ನಿಜಕ್ಕೂ ಬೇಜಾರಾಗಿತ್ತು.

ಇಪ್ಪತ್ತೈದು ಸಾವಿರ ಕೂಡಿಟ್ಟೆ. ಆರು ತಿಂಗಳು ಯೂಟ್ಯೂಬ್ ರಿವ್ಯೂ ನೋಡಿದೆ, ಮುಖ ನೋಡಿರದವರ ಜೊತೆ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಜಗಳವಾಡಿದೆ. ಕೊನೆಗೆ ಈ ಬಜೆಟ್‌ಗೆ ಸೆಕೆಂಡ್ ಹ್ಯಾಂಡೇ ಗತಿ ಎಂದು ತೀರ್ಮಾನವಾಯಿತು.

ಪಾಲಿಬೆಟ್ಟದ ಗೆಳೆಯ ಬೋಪಣ್ಣ ತನ್ನ ಆಂಪ್ ಮಾರುವವನಿದ್ದ. ಒಂದು ವಾರ ಕೇಳಿ ನೋಡು, ಭಾನುವಾರ ಬರುತ್ತೇನೆ ಎಂದು ಜೀಪಿನಲ್ಲಿ ತಂದು ಇಳಿಸಿ ಹೋದ.

ಮೂರನೇ ದಿನಕ್ಕೇ ನಾನು ಗ್ರೂಪ್‌ನಲ್ಲಿ ಉದ್ದಕ್ಕೆ ಬರೆದೆ. ಎಷ್ಟು ಕ್ಲೀನ್ ಸೌಂಡ್, ಹಾಡು ನಿಂತಾಗ ಗವಿಯೊಳಗಿನ ಮೌನ, ಇತ್ಯಾದಿ. ತುಂಬಾ ಲೈಕ್ ಬಂತು.

ನಮ್ಮ ನಾಯಿ ಮಾತ್ರ ಅದನ್ನು ಆನ್ ಮಾಡಿದ ಕೂಡಲೇ ಎದ್ದು, ಕಾಫಿ ಒಣಗಿಸುವ ಕಣಕ್ಕೆ ಹೋಗಿ ಮಲಗುತ್ತಿತ್ತು. ನಾಯಿಗೇನು ಗೊತ್ತು ಹೈ-ಫೈ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಸವಿತಾ ಚೆಟ್ಟಳ್ಳಿಯ ಕಾಫಿ ವ್ಯಾಪಾರಿಯೊಬ್ಬರ ಹತ್ತಿರ ಕಪ್ಪಿಂಗ್ ಮಾಡುತ್ತಾಳೆ. ಎಂದರೆ ಬೇರೆ ಬೇರೆ ಎಸ್ಟೇಟಿನ ಕಾಫಿಯನ್ನು ಸೊರ್ ಎಂದು ಹೀರಿ, ಉಗಿದು, ಮಾರ್ಕ್ ಹಾಕುವ ಕೆಲಸ. ಯಾವ ಕಾಫಿ ಯಾರದೆಂದು ಮೊದಲೇ ಹೇಳುವುದಿಲ್ಲ.

"ಹೆಸ್ರು ನೋಡಿ ಮಾರ್ಕ್ ಹಾಕೋ ಹಂಗಿಲ್ಲ ನಮ್ಮಲ್ಲಿ," ಎಂದಳು. "ಮೂರು ಲೋಟ ಇಡ್ತಾರೆ. ಎರಡ್ರಲ್ಲಿ ಒಂದೇ ಕಾಫಿ. ಬೇರೆದ್ಯಾವ್ದು ಅಂತ ಹೇಳ್ಬೇಕು. ನೀವೂ ಹಂಗೇ ಕೇಳಿ ಹೇಳಿಬಿಡಿ, ಆಮೇಲೆ ದುಡ್ಡು ಕೊಟ್ಟುಬಿಡಿ."

ಹಾಗೆ ಬಂತು ಟವೆಲ್. ಒಂದೇ ಹಾಡು ಮೂರು ಸಲ, ಅದರಲ್ಲಿ ಎರಡು ಸಲ ಒಂದೇ ಆಂಪ್. ವೈರ್ ಬದಲಿಸುವುದು ಬೋಪಣ್ಣ, ಬರೆದುಕೊಳ್ಳುವುದು ಸವಿತಾ.

ನಾನು ಕಾಲಮೇಲೆ ಕಾಲು ಹಾಕಿಕೊಂಡು ತೀರ್ಪು ಕೊಟ್ಟೆ. ಮೊದಲನೆಯದು ಬರೀ ಕೆಸರು, ಎರಡನೆಯದು ತೊರೆ ನೀರು.

ಅವೆರಡೂ ನನ್ನ ಹಳೆಯ ಆಂಪ್.

ಮತ್ತೆ ಮಾಡಿದರು, ಮತ್ತೆ ತಪ್ಪು. ಮೂರನೇ ಸಲ ವೋಲ್ಟೇಜ್ ಸರಿಯಿಲ್ಲ ಎಂದೆ. ನಾಲ್ಕನೇ ಸಲ ಒಗ್ಗರಣೆ ವಾಸನೆಗೆ ಕಾನ್ಸಂಟ್ರೇಟ್ ಮಾಡಲು ಆಗುತ್ತಿಲ್ಲ ಎಂದೆ.

ಸವಿತಾ ಟವೆಲ್ ಬಿಚ್ಚಿದಳು. ಅವಳು ನಗುತ್ತಿರಲಿಲ್ಲ.

"ರೀ, ಬೋಪಣ್ಣಂದ್ರಲ್ಲಿ ಹಾಡಿನ ಹಿಂದೆ ಕೀಂ ಅಂತ ಒಂದು ಸದ್ದು ಬರ್ತದಲ್ಲ. ಅದು ಕೇಳ್ಸಲ್ವಾ ನಿಮಗೆ? ಈಗ ಹಾಡು ನಿಲ್ಸಿದೀವಿ, ಆದ್ರೂ ಬರ್ತಾ ಅದೆ."

ನಾನು ಕಿವಿಗೊಟ್ಟೆ. ನನಗೆ ಗವಿಯೊಳಗಿನ ಮೌನ.

ಇಬ್ಬರೂ ಸೇರಿ ತಮಾಷೆ ಮಾಡುತ್ತಿದ್ದಾರೆ ಎಂದು ಬೋಪಣ್ಣನ ಮುಖ ನೋಡಿದೆ. ಅವನು ತಲೆ ಕೆರೆದುಕೊಂಡ. "ಅದ್ಕೇ ಮಾರ್ತಾ ಇರೋದು ಮಾರಾಯ. ನೀನು ಕ್ಲೀನ್ ಕ್ಲೀನ್ ಅಂತ ಬರ್ದದ್ದು ನೋಡಿ, ಜೀಪಲ್ಲಿ ಕುಲುಕಿ ತಾನೇ ರಿಪೇರಿ ಆಯ್ತು ಅಂದ್ಕೊಂಡೆ."

ಅಷ್ಟರಲ್ಲಿ ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆಯ ನಬೀಸಾ, ಒಳಗೆ ಜೀರುಂಡೆ ಏನಾದರೂ ಹೊಕ್ಕಿದೆಯಾ ಎಂದು ಬಾಗಿಲಿನಿಂದಲೇ ವಿಚಾರಿಸಿದರು.

ಆಗ ನನಗೆ ಭಯವಾಯಿತು. ಆಂಪ್ ಹಾಳಾದರೆ ಇನ್ನೊಂದು ತರಬಹುದು. ಇದು ಹಾಳಾದರೆ?

ಮಡಿಕೇರಿಯ ಕಿವಿ ಡಾಕ್ಟರು ಏನು ಕೆಲಸ ಎಂದು ಕೇಳಿದರು. ಕಾಫಿ ಸಿಪ್ಪೆ ಬಿಡಿಸುವ ಹಲ್ಲಿಂಗ್ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷ, ಮೆಷಿನ್ ಪಕ್ಕದಲ್ಲೇ ಎಂದೆ. ಕಿವಿಗೆ ಏನಾದರೂ ಹಾಕಿಕೊಳ್ಳುತ್ತೀರಾ ಎಂದರು.

ಮಂಕಿ ಕ್ಯಾಪ್ ಎಂದೆ. ಅವರು ಅದನ್ನು ಬರೆದುಕೊಳ್ಳಲಿಲ್ಲ.

ಟೆಸ್ಟ್ ಮಾಡಿ ಗ್ರಾಫ್ ಕೈಗೆ ಕೊಟ್ಟರು. ಗ್ರಾಫ್ ಓದಲು ನನಗೆ ಯಾರೂ ಹೇಳಿಕೊಡಬೇಕಿಲ್ಲ, ಆರು ತಿಂಗಳಿನಿಂದ ಓದಿದ್ದು ಅದನ್ನೇ. ಸಣ್ಣ ದನಿಗಳೆಲ್ಲ ಇರುವ ಕಡೆ ಗೆರೆ ಸೀದಾ ಕೆಳಗೆ ಬಿದ್ದಿತ್ತು. ಇಂಥ ಗ್ರಾಫ್ ಇರುವ ಸ್ಪೀಕರನ್ನು ನಾನು ಪುಕ್ಕಟೆ ಕೊಟ್ಟರೂ ಮುಟ್ಟುತ್ತಿರಲಿಲ್ಲ.

ಹೋದದ್ದು ವಾಪಸ್ ಬರುವುದಿಲ್ಲ, ಉಳಿದದ್ದಕ್ಕೆ ಮೆಷಿನ್ ಹಾಕಬಹುದು ಎಂದರು. ಮೆಷಿನ್ ಎಂದರೆ ಏನು... ಅದೂ ಒಂದು ಆಂಪ್ಲಿಫೈಯರ್, ಕಿವಿಯ ಹಿಂದೆ ಕೂರುವಷ್ಟು. ಎಷ್ಟು ಚಾನೆಲ್, ಡಿಸ್ಟಾರ್ಷನ್ ಎಷ್ಟು ಎಂದು ನಾನು ಶುರುಮಾಡಿದಾಗ ಸವಿತಾ ಮೇಜಿನ ಕೆಳಗೆ ಕಾಲು ತುಳಿದಳು.

ಕೂಡಿಟ್ಟದ್ದು ಒಂದು ಕಿವಿಗೆ ಸರಿಹೋಯಿತು. ಸ್ಟೀರಿಯೋ ಆಗಬೇಕಾದರೆ ಮುಂದಿನ ಕಾಫಿ ಪಿಕ್ಕಿಂಗ್ ಸೀಸನ್ ಮುಗಿಯಬೇಕು. ಬೋಪಣ್ಣನ ಆಂಪ್ ಬಂದ ಜೀಪಿನಲ್ಲೇ ವಾಪಸ್ ಹೋಯಿತು.

ಕಿವಿಗೆ ಮೆಷಿನ್ ಹಾಕಿಸಿಕೊಂಡು ಮನೆಗೆ ಬಂದವನೇ ನನ್ನ ಹಳೆಯ ಆಂಪ್ ಹಾಕಿದೆ. ಮೊದಲ ಸಾಲು ಮುಗಿಯುವಲ್ಲಿ ತಾಳ ಸಣ್ಣಗೆ ಟಿಣ್ ಎಂದಿತು. ಪಾಪ, ಅದು ಇಷ್ಟು ದಿನವೂ ಸರಿಯಾಗಿಯೇ ಹಾಡುತ್ತಿತ್ತು. ಹೇಳಲು ನಾಚಿಕೆ, ಅಳು ಬಂತು.

ಒಳಗಿನಿಂದ ಸವಿತಾ, ಸಾರು ಬಿಸಿ ಮಾಡಲಾ ಎಂದಳು. ಮಾಡು ಎಂದೆ.

ಅವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಈಗ ಮೆಲ್ಲಗೇ ಕೇಳಿದ್ದೆ ಕಣ್ರೀ... ನಿಮಗೆ ಕಿರುಚಿ ಕಿರುಚಿ ನನ್ನ ದನಿ ನಂಗೇ ಸಾಕಾಗಿತ್ತು."

ನಾನು ಇಷ್ಟು ವರ್ಷ, ವಯಸ್ಸಾಗುತ್ತಾ ಇವಳಿಗೆ ಸಿಟ್ಟು ಜಾಸ್ತಿಯಾಗಿದೆ ಎಂದುಕೊಂಡಿದ್ದೆ.

ಈಗ ನೀವು ಹೇಳಿ... ನಿಮ್ಮ ಸಿಸ್ಟಮ್‌ನಲ್ಲಿ ಎಲ್ಲಕ್ಕಿಂತ ಹಳೆಯ ಪಾರ್ಟ್ ಯಾವುದು, ಅದನ್ನು ಕೊನೆಯ ಸಲ ಚೆಕ್ ಮಾಡಿಸಿದ್ದು ಯಾವಾಗ?