ಮುಚ್ಚಳವಿಲ್ಲದ ಕಷಾಯ

ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಮೂಗೇನೂ ದೊಡ್ಡದಲ್ಲ, ಅದರ ಕೆಲಸ ದೊಡ್ಡದು. ರೋಗಿಗಳ ಕೀವು, ಕಫಗಳಿಂದ ಕ್ರಿಮಿಗಳನ್ನು ತೆಗೆದು ತಟ್ಟೆಗಳಲ್ಲಿ ಬೆಳೆಸುವುದರಲ್ಲೇ ಅರ್ಧ ಆಯಸ್ಸು ಕಳೆದವಳು. ಯಾವ ತಟ್ಟೆಯಲ್ಲಿ ಯಾವ ಕ್ರಿಮಿ ಇದೆ ಎಂದು ಬಾಗಿಲಲ್ಲೇ ನಿಂತು ಹೇಳಿಬಿಡುತ್ತಿದ್ದಳು. ಅವಳು ಒಳಗೆ ಕಾಲಿಟ್ಟರೆ ಕ್ರಿಮಿಗಳು ಎದ್ದು ನಿಂತು ಹಾಜರಿ ಹೇಳುತ್ತವೆ ಎಂಬ ಸುದ್ದಿಯೂ ಇತ್ತು.

ಇಂಥ ಮೂಗಿಗೆ ಮನೆಯಲ್ಲಿ ಗಂಟುಬಿದ್ದದ್ದು ಮಾವನ ಕಷಾಯ. ಮಾವ ಲಾರಿ ಮೆಕ್ಯಾನಿಕ್ ಆಗಿದ್ದವರು. ಕೆಲಸ ಬಿಟ್ಟ ಮೇಲೆ ಬಾಲ್ಕನಿಯ ಹಳೇ ಡಬ್ಬಗಳಲ್ಲಿ ದೊಡ್ಡಪತ್ರೆ ಬೆಳೆಸಿ, ಅದರ ದಪ್ಪ ಎಲೆಗಳನ್ನು ಬೆಳಗಿನಿಂದ ಊಟದ ಹೊತ್ತಿನವರೆಗೆ ಕೊತಕೊತ ಕುದಿಸುತ್ತಿದ್ದರು. ಪಾತ್ರೆಗೆ ಮುಚ್ಚಳ ಹಾಕುವುದೆಂದರೆ ಅವರಿಗಾಗದು. ಬಾನೆಟ್ ಎತ್ತಿಟ್ಟರೇ ಅಲ್ಲವೇ ಒಳಗಿನ ಕೆಲಸ ಕಾಣುವುದು? ಘಾಟು ಮೂರು ಬೀದಿ ದಾಟಿ ಹೋಗುತ್ತಿತ್ತು. ಆ ದಾರಿಯಲ್ಲಿ ಹಾದವರ ನೆಗಡಿ ಮೂಗು ಬಿಟ್ಟು ಓಡುತ್ತಿತ್ತಂತೆ. ಎದುರುಮನೆಯ ಬೆಕ್ಕಂತೂ ಹುಟ್ಟಿದಾಗಿನಿಂದ ಒಂದು ಸಲವೂ ಸೀನಿರಲಿಲ್ಲ.

ತಮಾಷೆ ನಿಂತದ್ದು ಮಾವನ ಕಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದಾಗ. ಮೊದಲೇ ಸಕ್ಕರೆ ಕಾಯಿಲೆಯ ಮೈ. ಬೆರಳು ಊದಿ, ಕೀವು ಕಟ್ಟಿ, ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಮಾವ ಅದನ್ನು ಕಷಾಯದಲ್ಲಿ ಅದ್ದಿಕೊಂಡು ಹಾಯಾಗಿ ಪೇಪರ್ ಓದುತ್ತಿದ್ದರು. ಮಗ ಹೇಳಿ ಹೇಳಿ ಸೋತ. ಸೊಸೆ ಹತ್ತಿರ ಬಂದು ಬಗ್ಗಿದಳು. ಘಾಟಿನ ಅಡಿಯಿಂದ ಇನ್ನೊಂದು ವಾಸನೆ ಬಂತು, ಅವಳ ತಟ್ಟೆಗಳಲ್ಲಿ ದಿನಾ ಸಿಗುವ ವಾಸನೆ. ಬಿಟ್ಟರೆ ಬೆರಳಷ್ಟೇ ಅಲ್ಲ, ಕಾಲೂ ಹೋದೀತು, ಈಗಲೇ ಡಾಕ್ಟರಿಗೆ ತೋರಿಸಬೇಕು ಎಂದಳು.

"ನನ್ನ ಎಲೆ ಸೋತಿದ್ದನ್ನ ತೋರಿಸಮ್ಮ, ಆಮೇಲೆ ಡಾಕ್ಟರ ಹತ್ರ ಹೋಗೋಣ" ಎಂದರು ಮಾವ.

ಅವಳು ಮಾತು ಬೆಳೆಸದೆ ಹತ್ತಿ ಕಡ್ಡಿಯಲ್ಲಿ ಕೀವು ತೆಗೆದುಕೊಂಡಳು; ಜತೆಗೆ ಒಂದು ಲೋಟ ಕಷಾಯ, ಒಂದು ಹಿಡಿ ಹಸಿ ಎಲೆ. ಲ್ಯಾಬಿನ ಡಾಕ್ಟರು ನಕ್ಕು ಪರೀಕ್ಷೆಗೆ ಒಪ್ಪಿದರು. ತಟ್ಟೆಯ ತುಂಬ ಬೆರಳಿನ ಕ್ರಿಮಿ ಸವರಿ, ಮೇಲೆ ಮೂರು ಕಾಗದದ ಬಿಲ್ಲೆ ಇಟ್ಟಳು: ಒಂದಕ್ಕೆ ಆಸ್ಪತ್ರೆಯ ಔಷಧ, ಒಂದಕ್ಕೆ ಕಷಾಯ, ಇನ್ನೊಂದಕ್ಕೆ ಎಲೆ ಜಜ್ಜಿ ಸ್ಪಿರಿಟ್ಟಿನಲ್ಲಿ ನೆನೆಸಿ, ಸ್ಪಿರಿಟ್ಟು ಪೂರ್ತಿ ಆರಿಸಿದ ಸಾರ.

ಮರುದಿನ ನೋಡಿದರೆ ಔಷಧದ ಸುತ್ತ ಕ್ರಿಮಿ ಸತ್ತು ಬಳೆಯಂಥ ಖಾಲಿ ಜಾಗ. ಹಸಿ ಎಲೆಯ ಸುತ್ತಲೂ ಹೆಚ್ಚುಕಮ್ಮಿ ಅಷ್ಟೇ ದೊಡ್ಡ ಬಳೆ! ಕಷಾಯದ ಬಿಲ್ಲೆಗೆ ಮಾತ್ರ ಏನೂ ಇಲ್ಲ. ಕ್ರಿಮಿಗಳು ಟೀ ಅಂಗಡಿಯ ಬೆಂಚಿಗೆ ಒರಗಿದಂತೆ ಅದಕ್ಕೆ ಒರಗಿಕೊಂಡಿದ್ದವು. ಫೋನಿನಲ್ಲಿ ಫೋಟೋ ತೆಗೆದಳು. ಫೋಟೋದಿಂದ ಎಲೆಯ ಬಳೆಯನ್ನು ಕತ್ತರಿಸಿ ತೆಗೆದು ಮಾವನಿಗೆ ತೋರಿಸಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ಜೀವಮಾನವೆಲ್ಲ ಬಳೆಗಳನ್ನು ಇದ್ದ ಹಾಗೇ ಓದಿದ ಕೈ, ಕತ್ತರಿಸಲು ಒಪ್ಪಲಿಲ್ಲ.

ಮನೆಯಲ್ಲಿ ಫೋಟೋ ತೋರಿಸಿದಾಗ, ಎಲೆಯ ಬಳೆ ಕಂಡು ಮಾವನ ಮುಖ ಊರಗಲವಾಯಿತು.

"ಮತ್ತೆ ಈ ಬೋಳು ಬಿಲ್ಲೆ ಯಾರದ್ದು?"

"ನಿಮ್ಮ ಕಷಾಯದ್ದು, ಮಾವ."

ಎಲೆಯಲ್ಲಿ ಕಾರ್ವಕ್ರಾಲ್, ಥೈಮಾಲ್ ಎಂಬ ಘಾಟಿನ ಎಣ್ಣೆಗಳಿವೆ, ಕ್ರಿಮಿಯ ಪೊರೆಗೆ ತೂತು ಕೊರೆಯುವುದು ಅವೇ, ಆದರೆ ಕುದಿಸಿದರೆ ಆವಿಯ ಜತೆ ಹಾರಿಹೋಗುತ್ತವೆ ಎಂದು ಅವಳು ವಿವರಿಸಿದಳು. "ಔಷಧಿಯೆಲ್ಲ ಬೀದಿಗೆ ಹೋಯ್ತು. ನೀವು ಕಾಲಿಟ್ಟಿರೋದು ಬಣ್ಣದ ನೀರಲ್ಲಿ."

"ಹಾಗಾದ್ರೆ ಹಸಿ ಎಲೆ ಅರೆದು ಕಟ್ಟಿಬಿಡೋಣ."

ಅವಳು ಹೆದರಿದ್ದು ಇದೇ ಮಾತಿಗೆ.

"ತಟ್ಟೇಲಿ ಕ್ರಿಮಿ ಮೇಲೇ ಇರುತ್ತೆ, ಮಾವ. ನಿಮ್ಮ ಬೆರಳಲ್ಲಿ ಒಳಗಿಳಿದಿದೆ. ಎಂಜಿನ್ ಒಳಗೆ ಕೆಟ್ಟಿರುವಾಗ ನೀವು ಬಾನೆಟ್‌ಗೆ ಗ್ರೀಸ್ ಹಚ್ತಿದ್ರಾ?"

ಮಾವ ಕಾಲನ್ನು ಕಷಾಯದಿಂದ ಮೇಲೆತ್ತಿದರು. ಕೊನೆಗೆ ಅವರೊಳಗಿನ ಮೆಕ್ಯಾನಿಕ್ ಗೆದ್ದ.

"ಹಚ್ತಿರಲಿಲ್ಲ. ಎಲ್ಲಮ್ಮಾ ನನ್ನ ಚಪ್ಪಲಿ?"

ಉಗುರು ಹೋಯಿತು, ಬೆರಳು ಉಳಿಯಿತು. ಈಗ ಮಾವ ಕೆಮ್ಮಿಗಷ್ಟೇ ಕಷಾಯ ಮಾಡುತ್ತಾರೆ. ಪಾತ್ರೆಗೆ ಮುಚ್ಚಳ, ಮುಚ್ಚಳದ ಮೇಲೆ ಕಲ್ಲು. ಮೊನ್ನೆ ಎದುರುಮನೆಯಾಕೆ ಬಂದು, ಬೆಕ್ಕು ಸೀನಲು ಶುರುಮಾಡಿದೆ ಎಂದು ದೂರಿದಳು. ಮಾವ ಬ್ಯಾಂಡೇಜಿನ ಕಾಲೆಳೆದುಕೊಂಡು ಎದ್ದು, ಸೊಸೆಯ ಮುಖ ನೋಡಿ, ಬೆಕ್ಕಿನ ಪಾಲಿಗೆಂದು ಮುಚ್ಚಳವನ್ನು ಒಂದು ಬೆರಳಿನಷ್ಟು ಸರಿಸಿದರು.